ಕೂಪನ್ ಸಿಕ್ಕರೆ ಸಾಲದು: ಅಮೆರಿಕದಲ್ಲಿ ಹಿರಿಯರಿಗೆ ಫಾರ್ಮರ್ಸ್ ಮಾರ್ಕೆಟ್‌ನ ತಾಜಾ ತರಕಾರಿ ಕೊಡಿಸುವ ಬಗೆ

ಅಮೆರಿಕದಲ್ಲಿ ಕಡಿಮೆ ಆದಾಯದ ಹಿರಿಯರಿಗೆ ಬೇಸಿಗೆಯಲ್ಲಿ ಫಾರ್ಮರ್ಸ್ ಮಾರ್ಕೆಟ್‌ನಲ್ಲಿ, ಅಂದರೆ ರೈತರೇ ತಂದು ಮಾರುವ ಸಂತೆಯಲ್ಲಿ, ಹಣ್ಣು, ತರಕಾರಿ ಕೊಳ್ಳಲು ಸರ್ಕಾರವೇ ಕೂಪನ್ ಕೊಡುತ್ತದೆ. ಹೆಸರು ಸ್ವಲ್ಪ ಉದ್ದ: ಸೀನಿಯರ್ ಫಾರ್ಮರ್ಸ್ ಮಾರ್ಕೆಟ್ ನ್ಯೂಟ್ರಿಷನ್ ಪ್ರೋಗ್ರಾಂ. 2001ರಲ್ಲಿ ಪ್ರಯೋಗವಾಗಿ ಶುರುವಾಯಿತು, ಅಲ್ಲಿನ ಕೃಷಿ ಕಾನೂನಾದ 2002ರ ಫಾರ್ಮ್ ಬಿಲ್‌ನಲ್ಲಿ ಕಾಯಂ ಆಯಿತು. ಹಣ ಕೊಡುವುದು ಅಲ್ಲಿನ ಕೃಷಿ ಇಲಾಖೆ, ನಡೆಸುವುದು ಆಯಾ ರಾಜ್ಯ. ಹಿರಿಯರಿಗೆ ತರಕಾರಿ ಸಿಗುತ್ತದೆ, ಅದರ ದುಡ್ಡು ಅಲ್ಲೇ ಹತ್ತಿರದಲ್ಲಿ ಬೇಸಾಯ ಮಾಡುವವರಿಗೆ ಹೋಗುತ್ತದೆ.

ಅರ್ಜಿ ಹಾಕುವುದು ಇದರಲ್ಲಿ ಸುಲಭದ ಭಾಗ. ಒಂದು ಹಾಳೆ ತುಂಬಿ ಸಹಿ ಹಾಕಿದರೆ ಆಯಿತು. ಕೂಪನ್ ಕೈಗೆ ಬಂದ ಮೇಲೆ ಅದು ಖರ್ಚಾಗುವುದೇ ಕಷ್ಟ. ಮಾರ್ಕೆಟ್ ವಾರಕ್ಕೆ ಒಂದು ದಿನ, ಅದೂ ನಾಲ್ಕೈದು ಗಂಟೆ ಮಾತ್ರ. ಕಾರಿಲ್ಲ, ಮಂಡಿ ನೋವು, ಭಾಷೆ ಬರಲ್ಲ, ಯಾವ ಅಂಗಡಿಯವರು ತಗೋತಾರೆ ಅಂತ ಗೊತ್ತಿಲ್ಲ. ಕೊನೆಗೆ ಕೂಪನ್ ಪುಸ್ತಕ ಫ್ರಿಜ್ ಮೇಲೆ ಕೂತು ಅವಧಿ ಮುಗಿಯುತ್ತದೆ. ಹಾಗಾಗಿ ಈ ಲೇಖನ ಹಿರಿಯರಿಗಿಂತ ಜಾಸ್ತಿ ಅವರ ಜೊತೆ ಹೋಗುವವರಿಗೆ: ಮಕ್ಕಳಿಗೆ, ಪಕ್ಕದ ಮನೆಯವರಿಗೆ, ಕನ್ನಡ ಕೂಟದಲ್ಲೋ ದೇವಸ್ಥಾನದಲ್ಲೋ ಸ್ವಯಂಸೇವೆ ಮಾಡುವವರಿಗೆ.

ಮೊದಲು, ಯಾರಿಗೆ ಸಿಗುತ್ತದೆ ನೋಡಿ

ವಯಸ್ಸು 60 ಆಗಿರಬೇಕು. ಮೂಲನಿವಾಸಿ ಬುಡಕಟ್ಟುಗಳವರಿಗೆ ಕೆಲವು ಕಡೆ 55ಕ್ಕೇ ಸಿಗುತ್ತದೆ. ಆದಾಯ ಫೆಡರಲ್ (ಕೇಂದ್ರ ಸರ್ಕಾರದ) ಬಡತನ ರೇಖೆಯ ಶೇಕಡ 185ರ ಒಳಗಿರಬೇಕು. 2025ರ ಲೆಕ್ಕದಲ್ಲಿ ಒಬ್ಬರೇ ಇದ್ದರೆ ವರ್ಷಕ್ಕೆ ಸುಮಾರು 28,950 ಡಾಲರ್, ಇಬ್ಬರಿದ್ದರೆ ಸುಮಾರು 39,130 ಡಾಲರ್. ಅಲಾಸ್ಕ ಮತ್ತು ಹವಾಯಿಯಲ್ಲಿ ಮಿತಿ ಇನ್ನೂ ಹೆಚ್ಚು. ಈ ಅಂಕಿ ಪ್ರತಿ ವರ್ಷ ಬದಲಾಗುತ್ತದೆ. ಅರ್ಜಿ ಹಾಕುವ ವರ್ಷದ ಮಿತಿ ಅರ್ಜಿಯ ಹಾಳೆಯಲ್ಲೇ ಅಚ್ಚಾಗಿರುತ್ತದೆ, ಅದನ್ನೇ ನಂಬಿ.

ಇಲ್ಲಿ ನಮ್ಮವರು ಒಂದು ಮಾತು ಸರಿಯಾಗಿ ತಿಳಿದುಕೊಳ್ಳಬೇಕು. ನೋಡುವುದು ಅಮ್ಮನೊಬ್ಬರ ಆದಾಯವಲ್ಲ, ಇಡೀ ಮನೆಯ ಆದಾಯ. ಒಂದೇ ಮನೆಯಲ್ಲಿದ್ದು ಒಂದೇ ಖರ್ಚಿನಲ್ಲಿ ಬದುಕುವವರೆಲ್ಲ ಒಂದು ಕುಟುಂಬ ಅಂತ ಲೆಕ್ಕ. ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ಅಪ್ಪ ಅಮ್ಮ ಅವನ ಮನೆಯಲ್ಲೇ ಇದ್ದರೆ ಕೂಪನ್ ಬರುವುದಿಲ್ಲ. ಬರಬಾರದು ಕೂಡ. ಆ ದುಡ್ಡು ಇರುವುದು ಔಷಧಿ ಕೊಳ್ಳಲೋ ತರಕಾರಿ ಕೊಳ್ಳಲೋ ಅಂತ ಲೆಕ್ಕ ಹಾಕುವವರಿಗೆ. ಆರು ತಿಂಗಳಿಗೆ ಅಂತ ವಿಸಿಟರ್ ವೀಸಾದಲ್ಲಿ ಬಂದವರಿಗೂ ಇದು ಅಲ್ಲ. ಅವರು ಸುಮ್ನೆ ಮಾರ್ಕೆಟ್‌ಗೆ ಹೋಗಿ ದುಡ್ಡು ಕೊಟ್ಟು ಕೊಂಡರೆ ಆಯಿತು.

ಹಾಗಾದರೆ ನಮ್ಮವರಲ್ಲಿ ಯಾರಿಗೆ? ಸೀನಿಯರ್ ಹೌಸಿಂಗ್‌ನಲ್ಲಿ ಒಂಟಿಯಾಗಿರುವವರು ಇದ್ದಾರೆ. ದಶಕಗಳ ಹಿಂದೆ ಬಂದು ಸಣ್ಣ ಮೋಟೆಲ್‌ನಲ್ಲೋ ಅಂಗಡಿಯಲ್ಲೋ ದುಡಿದು ಈಗ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯಲ್ಲೇ ಬದುಕುವವರು ಇದ್ದಾರೆ. ಗಂಡ ತೀರಿಕೊಂಡ ಮೇಲೆ ಬೇರೆ ಮನೆ ಮಾಡಿದ ಅಜ್ಜಿಯರೂ ಇದ್ದಾರೆ. ಕೂಟದ ಯುಗಾದಿ ಊಟದಲ್ಲಿ ಇವರು ನಮಗೆ ಅಷ್ಟಾಗಿ ಕಾಣುವುದಿಲ್ಲ, ಯಾಕೆಂದರೆ ಟಿಕೆಟ್ ಕೊಂಡು ಬಂದಿರುವುದಿಲ್ಲ. ಜೊತೆಗೆ, ಸಹಾಯ ಕನ್ನಡದವರಿಗೇ ಆಗಬೇಕು ಅಂತ ಏನಿಲ್ಲವಲ್ಲ. ನಿಮ್ಮ ಬೀದಿಯಲ್ಲಿರುವ ಯಾವ ಹಿರಿಯರಾದರೂ ಸರಿ.

ವಲಸೆ ಬಂದವರ ಅರ್ಹತೆಯ ನಿಯಮ ಆಗಾಗ ಬದಲಾಗುತ್ತದೆ. ಗ್ರೀನ್ ಕಾರ್ಡ್ ಇರುವವರು ಅರ್ಜಿ ಕೊಡುವ ಕಚೇರಿಯಲ್ಲೇ ಮೊದಲು ಕೇಳಿ. ಗ್ರೀನ್ ಕಾರ್ಡ್ ಅರ್ಜಿ ಇನ್ನೂ ನಡೆಯುತ್ತಿದ್ದರೆ ವಲಸೆ ವಕೀಲರನ್ನು ಒಂದು ಮಾತು ಕೇಳಿಯೇ ಮುಂದುವರಿಯಿರಿ. ವಾಟ್ಸಾಪ್ ಗುಂಪಿನ ಸಲಹೆ ಇಲ್ಲಿ ಬೇಡ.

ಅರ್ಜಿ: ಏಪ್ರಿಲ್‌ನಲ್ಲೇ ಫೋನ್ ಮಾಡಿ

ಇಡೀ ದೇಶಕ್ಕೆ ಈ ಯೋಜನೆಗೆ ಕಾನೂನು ಇಟ್ಟಿರುವುದು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್. ದೊಡ್ಡ ಮೊತ್ತ ಅನ್ನಿಸಬಹುದು, ಆದರೆ ಹಂಚಿದರೆ ಬೇಗ ಮುಗಿದುಹೋಗುತ್ತದೆ. ಅರ್ಹತೆ ಇದ್ದವರಿಗೆಲ್ಲ ಸಿಗಲೇಬೇಕು ಎಂಬ ಹಕ್ಕು ಇದರಲ್ಲಿಲ್ಲ. ಸಾಮಾನ್ಯವಾಗಿ ಮೊದಲು ಬಂದವರಿಗೆ ಮೊದಲು. ಜುಲೈನಲ್ಲಿ ಕೇಳಿದರೆ "ಮುಗಿದೋಯ್ತು" ಅನ್ನುವ ಉತ್ತರವೇ ಹೆಚ್ಚು.

ಹಾಗಾಗಿ ಏಪ್ರಿಲ್ ಅಥವಾ ಮೇ ತಿಂಗಳಲ್ಲೇ ನಿಮ್ಮ ಕೌಂಟಿಯ (ಜಿಲ್ಲೆಯ) ಹಿರಿಯರ ನೆರವಿನ ಕಚೇರಿಗೆ, ಅಂದರೆ ಏರಿಯಾ ಏಜೆನ್ಸಿ ಆನ್ ಏಜಿಂಗ್‌ಗೆ, ಫೋನ್ ಮಾಡಿ. ಅದು ಯಾವುದು ಅಂತ ಗೊತ್ತಿಲ್ಲದಿದ್ದರೆ ಎಲ್ಡರ್‌ಕೇರ್ ಲೊಕೇಟರ್ ಎಂಬ ಸರ್ಕಾರಿ ಸಹಾಯವಾಣಿ ಇದೆ: 1-800-677-1116. ಪಿನ್‌ಕೋಡ್ ಹೇಳಿದರೆ ಯಾವ ಕಚೇರಿ ಅಂತ ತಿಳಿಸುತ್ತಾರೆ. ಸ್ಥಳೀಯ ನೆರವಿನ ಮಾಹಿತಿ ಕೊಡುವ 211ಕ್ಕೆ ಕರೆ ಮಾಡಿದರೂ ದಾರಿ ಸಿಗುತ್ತದೆ. ಕೇಳಬೇಕಾದ್ದು ಇಷ್ಟು: ಈ ವರ್ಷ ಯಾವತ್ತಿನಿಂದ ಕೊಡುತ್ತೀರಿ, ಎಲ್ಲಿ ಕೊಡುತ್ತೀರಿ, ಏನೇನು ತರಬೇಕು, ಹಿರಿಯರೇ ಬರಬೇಕಾ ಅಥವಾ ಅವರ ಪರವಾಗಿ ನಾನು ಬರಬಹುದಾ.

ಕೊನೆಯ ಪ್ರಶ್ನೆ ಮರೆಯಬೇಡಿ. ಹಲವು ರಾಜ್ಯಗಳಲ್ಲಿ 'ಪ್ರಾಕ್ಸಿ' ಹಾಳೆ ಇದೆ. ಹಿರಿಯರು ಸಹಿ ಹಾಕಿ ಕೊಟ್ಟರೆ ಅವರ ಬದಲು ನೀವು ಕೂಪನ್ ತರಬಹುದು, ಮಾರ್ಕೆಟ್‌ನಲ್ಲೂ ಕೊಳ್ಳಬಹುದು. ಮನೆಯಿಂದ ಹೊರಗೆ ಬರಲಾರದವರಿಗೆ ಇದೇ ಸುಲಭದ ದಾರಿ.

ದಾಖಲೆ ಅಂದರೆ ವಯಸ್ಸು ಮತ್ತು ವಿಳಾಸ ತೋರಿಸುವ ಗುರುತಿನ ಚೀಟಿ. ಆದಾಯಕ್ಕೆ ಕೆಲವು ಕಡೆ ಕಾಗದ ಕೇಳುತ್ತಾರೆ, ಹಲವು ಕಡೆ "ನನ್ನ ಆದಾಯ ಈ ಮಿತಿಯೊಳಗಿದೆ" ಅಂತ ಸಹಿ ಹಾಕಿದರೆ ಸಾಕು. ಗಂಡ ಹೆಂಡತಿ ಇಬ್ಬರಿಗೂ 60 ದಾಟಿದ್ದರೆ ಇಬ್ಬರಿಗೂ ಸಿಗುತ್ತದಾ ಅಂತ ಕೇಳಿ. ಆದರೆ ನ್ಯೂಜೆರ್ಸಿಯ ಮಗನ ಊರಲ್ಲಿ ಒಂದು, ಟೆಕ್ಸಸ್‌ನ ಮಗಳ ಊರಲ್ಲಿ ಇನ್ನೊಂದು ಅಂತ ಎರಡೆರಡು ಕಡೆ ತಗೊಳ್ಳುವ ಹಾಗಿಲ್ಲ.

ಸಿಗುವುದು ಎಷ್ಟು? ಫೆಡರಲ್ ನಿಯಮದಲ್ಲಿ ಒಬ್ಬರಿಗೆ ವರ್ಷಕ್ಕೆ 20ರಿಂದ 50 ಡಾಲರ್. ಕೆಲವು ರಾಜ್ಯಗಳು ತಮ್ಮ ಕೈಯಿಂದಲೂ ಸೇರಿಸಿ ಕೊಡುತ್ತವೆ. ತಿಂಗಳಿಗಲ್ಲ, ವರ್ಷಕ್ಕೆ! ಇಷ್ಟಕ್ಕೆ ಇಷ್ಟೆಲ್ಲಾ ಓಡಾಟ ಬೇಕಾ ಅಂತ ಕೇಳಿದರೆ, ನನ್ನ ಉತ್ತರ ಬೇಕು. 50 ಡಾಲರ್‌ಗೆ ಆಗಸ್ಟ್ ತಿಂಗಳಲ್ಲಿ ಒಂಟಿ ಮನೆಗೆ ಹಲವು ವಾರದ ಸೊಪ್ಪು, ತರಕಾರಿ ಬರುತ್ತದೆ. ಆ ನೆಪದಲ್ಲಿ ವಾರಕ್ಕೊಮ್ಮೆ ನಾಲ್ಕು ಜನರ ಮುಖ ನೋಡುವುದೂ ಆಗುತ್ತದೆ. ಅದಕ್ಕೂ ಬೆಲೆ ಇದೆ.

"ಬಿಟ್ಟಿ ತರಕಾರಿ ನಮಗ್ಯಾಕಪ್ಪಾ?"

ಇದು ಅರ್ಜಿಯಲ್ಲಿಲ್ಲದ ಪ್ರಶ್ನೆ. ಆದರೆ ನಮ್ಮ ಹಿರಿಯರ ಬಾಯಿಂದ ಮೊದಲು ಬರುವುದೇ ಇದು. ಜೀವನವಿಡೀ ಕೈಯೊಡ್ಡದೆ ಬದುಕಿದವರಿಗೆ ಕೂಪನ್ ಹಿಡಿದು ಸಾಲಿನಲ್ಲಿ ನಿಲ್ಲುವುದು ಸಂಕೋಚ. "ಅಮ್ಮಾ, ಇದು ನಿಮ್ಮ ಹಕ್ಕು" ಅಂತ ಭಾಷಣ ಮಾಡಿದರೆ ಕೇಳುವುದಿಲ್ಲ. ಬದಲಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ: ನೀವು ಕೊಟ್ಟ ಕೂಪನ್ ತಗೊಂಡು ರೈತರು ಸರ್ಕಾರದಿಂದ ಪೂರ್ತಿ ದುಡ್ಡು ಪಡೆಯುತ್ತಾರೆ, ನೀವು ಬಳಸದೆ ಬಿಟ್ಟರೆ ಅವರಿಗೂ ಅಷ್ಟು ವ್ಯಾಪಾರ ಕಮ್ಮಿ. ಹೊಲ ಗದ್ದೆ ನೋಡಿ ಬೆಳೆದವರಿಗೆ ಈ ಮಾತು ತಕ್ಷಣ ಅರ್ಥವಾಗುತ್ತದೆ.

ಇನ್ನೊಂದು ಭಯ, "ನನ್ನ ಬೇರೆ ಸೌಲಭ್ಯ ಕಡಿಮೆ ಮಾಡ್ತಾರಾ?" ಇಲ್ಲ. ಈ ಕೂಪನ್‌ನ ಮೊತ್ತವನ್ನು ಆದಾಯ ಅಂತ ಲೆಕ್ಕ ಹಾಕುವಂತಿಲ್ಲ ಎಂದು ಕಾನೂನಿನಲ್ಲೇ ಇದೆ. ಸ್ನ್ಯಾಪ್ (ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವು) ಕಡಿಮೆಯಾಗುವುದಿಲ್ಲ, ಮನೆ ಬಾಡಿಗೆಯ ಸಹಾಯಧನವೂ ಕಡಿಮೆಯಾಗುವುದಿಲ್ಲ.

ಹೋಗುವ ಮೊದಲು ಏನು ಬರುತ್ತದೆ, ಏನು ಬರಲ್ಲ

ಕೂಪನ್‌ಗೆ ಸಿಗುವುದು ಹತ್ತಿರದಲ್ಲಿ ಬೆಳೆದ ತಾಜಾ ಹಣ್ಣು, ತರಕಾರಿ, ಸೊಪ್ಪು, ಅಡುಗೆಗೆ ಹಾಕುವ ಹಸಿ ಎಲೆಗಳು, ಮತ್ತು ಜೇನುತುಪ್ಪ. ಜೇನು 2008ರ ಫಾರ್ಮ್ ಬಿಲ್‌ನಲ್ಲಿ ಸೇರಿಕೊಂಡಿತು.

ಮೊಟ್ಟೆ, ಚೀಸ್, ಮಾಂಸ ಬರುವುದಿಲ್ಲ. ಬ್ರೆಡ್ಡು, ಜಾಮು, ಉಪ್ಪಿನಕಾಯಿ, ಹಣ್ಣಿನ ರಸ ಬರುವುದಿಲ್ಲ. ಒಣಗಿಸಿದ್ದು ಯಾವುದೂ ಇಲ್ಲ: ಒಣಮೆಣಸಿನಕಾಯಿ, ಒಣದ್ರಾಕ್ಷಿ ಇಲ್ಲ. ಬಾದಾಮಿ, ವಾಲ್‌ನಟ್ ತರಹದ ಬೀಜಗಳೂ ಇಲ್ಲ. ಕುಂಡದಲ್ಲಿರುವ ತುಳಸಿ, ಪುದೀನ ಗಿಡ ನೋಡಿ ಅಜ್ಜಿಯರಿಗೆ ಆಸೆಯಾಗುತ್ತದೆ, ಅದಕ್ಕೂ ಈ ಕೂಪನ್ ನಡೆಯಲ್ಲ. ಕಿತ್ತು ಕಟ್ಟಿಟ್ಟ ಪುದೀನ ಆದರೆ ನಡೆಯುತ್ತದೆ.

'ಹತ್ತಿರದಲ್ಲಿ ಬೆಳೆದದ್ದು' ಅನ್ನುವುದನ್ನು ಆಯಾ ರಾಜ್ಯ ತೀರ್ಮಾನಿಸುತ್ತದೆ. ನ್ಯೂಜೆರ್ಸಿಯಲ್ಲಿ ಬಾಳೆಹಣ್ಣು, ಮಾವಿನಹಣ್ಣು ಬೆಳೆಯುವುದಿಲ್ಲ, ಆದ್ದರಿಂದ ಅಲ್ಲಿನ ಅಂಗಡಿಯಲ್ಲಿ ಕಂಡರೂ ಕೂಪನ್‌ಗೆ ಸಿಗುವುದಿಲ್ಲ. ಅದೇ ಕ್ಯಾಲಿಫೋರ್ನಿಯದಲ್ಲಿ ನಿಂಬೆ, ಕಿತ್ತಳೆ ಅಲ್ಲಿಯದೇ ಬೆಳೆ.

ಇಡೀ ಮಾರ್ಕೆಟ್‌ನಲ್ಲಿ ಎಲ್ಲರೂ ಕೂಪನ್ ತಗೊಳ್ಳುವುದಿಲ್ಲ. ರಾಜ್ಯದ ಒಪ್ಪಿಗೆ ಪಡೆದ ರೈತರು ಮಾತ್ರ ತಗೋತಾರೆ, ಅವರ ಅಂಗಡಿಯಲ್ಲಿ ಬೋರ್ಡು ತೂಗುಹಾಕಿರುತ್ತಾರೆ. ನೀವೊಬ್ಬರೇ ಒಂದು ಸಲ ಮೊದಲೇ ಹೋಗಿ ಯಾವ ಯಾವ ಅಂಗಡಿ ಅಂತ ನೋಡಿಟ್ಟುಕೊಂಡರೆ, ಹಿರಿಯರನ್ನು ಬಿಸಿಲಲ್ಲಿ ಅಲೆಸುವುದು ತಪ್ಪುತ್ತದೆ. ಕೂರಲು ಬೆಂಚು ಎಲ್ಲಿದೆ, ಶೌಚಾಲಯ ಎಲ್ಲಿದೆ, ಕಾರು ಎಷ್ಟು ಹತ್ತಿರ ನಿಲ್ಲಿಸಬಹುದು, ಇದನ್ನೂ ನೋಡಿ. ಶೌಚಾಲಯ ಇಲ್ಲದ ಮಾರ್ಕೆಟ್‌ಗೆ ಸಕ್ಕರೆ ಕಾಯಿಲೆಯ ಹಿರಿಯರು ಎರಡನೇ ಸಲ ಬರುವುದಿಲ್ಲ, ಬಾಯಿಬಿಟ್ಟು ಕಾರಣವನ್ನೂ ಹೇಳುವುದಿಲ್ಲ.

ಮಾರ್ಕೆಟ್‌ನಲ್ಲಿ

ಇದು ಹೆಚ್ಚು ಕಡಿಮೆ ನಮ್ಮೂರ ಸಂತೆಯೇ, ಚೌಕಾಸಿ ಒಂದು ಬಿಟ್ಟು. ಬೆಳಿಗ್ಗೆ ಬೇಗ ಹೋದರೆ ಸೊಪ್ಪು ಬಾಡಿರುವುದಿಲ್ಲ, ಬಿಸಿಲೂ ಇರುವುದಿಲ್ಲ. ಹಿರಿಯರ ಜೊತೆಗಾದರೆ ಬಾಗಿಲು ತೆಗೆದ ಮೊದಲ ಗಂಟೆಯೇ ಒಳ್ಳೆಯದು. ಗಾಲಿ ಇರುವ ಚೀಲ ತಗೊಂಡು ಹೋಗಿ.

ಮುಖ್ಯವಾದ ವಿಷಯ ಚಿಲ್ಲರೆ. ಕಾಗದದ ಕೂಪನ್‌ಗೆ ಸಾಮಾನ್ಯವಾಗಿ ಚಿಲ್ಲರೆ ವಾಪಸ್ ಕೊಡುವುದಿಲ್ಲ. ಕೂಪನ್ 5 ಡಾಲರ್‌ನದು, ತರಕಾರಿ ಆಗಿದ್ದು 4 ಡಾಲರ್ 25 ಸೆಂಟು ಅಂದರೆ ಉಳಿದ 75 ಸೆಂಟು ಹೋಯಿತು ಅಂತಲೇ. ಅದಕ್ಕೆ ಲೆಕ್ಕ ಹಾಕಿ ಕೊಳ್ಳಬೇಕು: ನಾಲ್ಕು ಹಸಿಮೆಣಸಿನಕಾಯಿ, ಒಂದು ಟೊಮೆಟೊ ಸೇರಿಸಿ 5ಕ್ಕೆ ಸರಿಮಾಡಿ. ಸ್ವಲ್ಪ ಹೆಚ್ಚಾದರೆ ಮೇಲಿನದ್ದನ್ನು ಕೈಯಿಂದ ಕೊಡಬಹುದು, ಆದ್ದರಿಂದ ಒಂದಷ್ಟು ಒಂದು ಡಾಲರ್ ನೋಟು, ಚಿಲ್ಲರೆ ಜೇಬಲ್ಲಿರಲಿ. ತೂಕ ಪೌಂಡ್‌ನಲ್ಲಿ, ಅಂದರೆ 454 ಗ್ರಾಂ. ಕಾಲು ಕಿಲೋ ಬೇಕೆಂದರೆ ಅರ್ಧ ಪೌಂಡ್‌ಗಿಂತ ತುಸು ಜಾಸ್ತಿ ಅಂತ ಹೇಳಿಕೊಡಿ, ಆಮೇಲೆ ಅವರೇ ನೋಡಿಕೊಳ್ಳುತ್ತಾರೆ. ಕೆಲವು ರಾಜ್ಯಗಳಲ್ಲಿ ಈಗ ಕಾಗದದ ಬದಲು ಕಾರ್ಡ್ ಬಂದಿದೆ. ಅಲ್ಲಿ ಉಳಿದ ಮೊತ್ತ ಕಾರ್ಡಿನಲ್ಲೇ ಇರುತ್ತದೆಯಾ ಅಂತ ಕೂಪನ್ ಕೊಡುವಾಗಲೇ ಕೇಳಿಕೊಳ್ಳಿ.

ಕೂಪನ್ ಕೊಟ್ಟವರಿಗೆ ಬೇರೆಯವರಿಗಿಂತ ಹೆಚ್ಚು ಬೆಲೆ ಹಾಕುವಂತಿಲ್ಲ, ಸೇಲ್ಸ್ ಟ್ಯಾಕ್ಸ್ ಕೂಡ ಹಾಕುವಂತಿಲ್ಲ. ಹಾಗೆ ಆದರೆ ಅಲ್ಲೇ ಜಗಳ ಬೇಡ, ಮಾರ್ಕೆಟ್ ಮ್ಯಾನೇಜರ್ ಡೇರೆಯಲ್ಲಿ ಹೇಳಿ.

ಆಮೇಲೆ, ಆರಿಸುವುದನ್ನು ಅವರಿಗೇ ಬಿಡಿ. ನೀವು ಬೇಗ ಬೇಗ ತುಂಬಿಸಿಕೊಂಡು ಹೊರಟರೆ ಅವರು ಬಂದಿದ್ದೇ ದಂಡ. ಬದನೆಕಾಯಿ ತಿರುಗಿಸಿ ತೂತು ಹುಡುಕಲಿ, ಬೆಂಡೆಕಾಯಿ ತುದಿ ಮುರಿಯುವುದು ಮಾತ್ರ ಬೇಡ ಅನ್ನಿ. ಇಲ್ಲಿ ಅದು ನಡೆಯಲ್ಲ.

ನಮ್ಮ ಅಡುಗೆಗೆ ಏನು ಸಿಗುತ್ತದೆ

ಮೊದಲ ಸಲ ನೋಡಿದಾಗ ಎಲ್ಲ ಅಪರಿಚಿತ ಅನ್ನಿಸುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಅರ್ಧಕ್ಕರ್ಧ ನಮ್ಮದೇ. ಡಿಲ್ ಅಂತ ಇಟ್ಟಿರುವುದು ಸಬ್ಬಸಿಗೆ ಸೊಪ್ಪು. ಕೋಲ್‌ರಾಬಿ ನಮ್ಮ ನವಿಲುಕೋಸು. ಮೂಲಂಗಿ, ಬೀಟ್‌ರೂಟ್ ಸೊಪ್ಪಿನ ಸಮೇತ ಬರುತ್ತವೆ, ಅಂದರೆ ಒಂದೇ ದುಡ್ಡಿಗೆ ಹುಳಿಗೂ ಆಯಿತು, ಪಲ್ಯಕ್ಕೂ ಆಯಿತು. ಹಲವರು ಆ ಸೊಪ್ಪು ಕಿತ್ತು ಬಿಸಾಡಿಸುತ್ತಾರೆ. ಕೇಳಿದರೆ ರೈತರು ಅದನ್ನೂ ಕೊಟ್ಟುಬಿಡುವುದುಂಟು.

ದಂಟಿನ ಸೊಪ್ಪು ಬೇಕೆಂದರೆ ಜಮೈಕದವರ ಅಂಗಡಿಯಲ್ಲಿ ಕಲಲೂ ಅಂತ ಕೇಳಿ. ಮೆಕ್ಸಿಕೋದವರ ಅಂಗಡಿಯಲ್ಲಿ ವೆರ್ಡೊಲಾಗಸ್ ಅಂತ ಇರುವುದು ಗೋಳಿ ಸೊಪ್ಪು. ಮಿನೆಸೋಟದ ಸೇಂಟ್ ಪಾಲ್, ಕ್ಯಾಲಿಫೋರ್ನಿಯದ ಫ್ರೆಸ್ನೊ ಕಡೆ ಹ್ಮೋಂಗ್ ರೈತರು ಬಹಳ ಇದ್ದಾರೆ. ಲಾವೋಸ್‌ನ ಬೆಟ್ಟಗಳಿಂದ ಬಂದವರು. ಹಾಗಲಕಾಯಿ, ಉದ್ದ ಅಲಸಂದೆ, ಖಾರದ ಮೆಣಸಿನಕಾಯಿ ಅವರ ಹತ್ತಿರ ಸಿಗುತ್ತದೆ. ಬೆಂಡೆಕಾಯಿ ದಕ್ಷಿಣದ ರಾಜ್ಯಗಳಲ್ಲಿ ಧಾರಾಳ.

ಕಾಲರ್ಡ್, ಚಾರ್ಡ್, ಕೇಲ್ ನಮಗೆ ಹೊಸ ಸೊಪ್ಪುಗಳು. ಚಾರ್ಡ್ ಮೆತ್ತಗೆ ಬೇಯುತ್ತದೆ, ಮಸ್ಸೊಪ್ಪಿಗೆ ಚೆನ್ನಾಗಿ ಹೊಂದುತ್ತದೆ. ಕಾಲರ್ಡ್ ಸ್ವಲ್ಪ ಗಟ್ಟಿ, ಸಣ್ಣಗೆ ಹೆಚ್ಚಿ ಬೇಯಿಸಿ ಬಸ್ಸಾರಿಗೆ ಹಾಕಿ. ಕೇಲ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಒಳ್ಳೆಯದಲ್ಲ, ಹಲ್ಲು ಸಡಿಲವಿರುವವರಿಗೆ ಅಂತೂ ಬೇಡ. ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಚಳಿ ಶುರುವಾಗುವ ಮುಂಚೆ ಹಸಿರು ಟೊಮೆಟೊ ಬರುತ್ತದೆ, ಕಾಯಿ ಟೊಮೆಟೊ ಚಟ್ನಿಗೆ ಅದೇ ಸಮಯ. ಬಟರ್‌ನಟ್ ಸ್ಕ್ವಾಷ್ ಸಿಹಿಗುಂಬಳದ ಜಾಗದಲ್ಲಿ ನಿಲ್ಲುತ್ತದೆ, ಹೊರಗಿಟ್ಟರೂ ವಾರಗಟ್ಟಲೆ ಕೆಡುವುದಿಲ್ಲ. ಕೊನೆಯ ಕೂಪನ್‌ಗಳನ್ನು ಅದಕ್ಕೇ ಇಡಿ. ಆದರೆ ಅದರ ಸಿಪ್ಪೆ ಹೆರೆಯುವುದು ಕೈಸೋತವರಿಗೆ ಆಗದ ಕೆಲಸ. ಹೆಚ್ಚಿ ಕೊಟ್ಟು ಬನ್ನಿ.

ಔಷಧಿಯ ಕಡೆ ಒಂದು ಎಚ್ಚರ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರು ಸೊಪ್ಪನ್ನು ಇದ್ದಕ್ಕಿದ್ದಂತೆ ಜಾಸ್ತಿ ಮಾಡಬಾರದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಯ ಕೆಲಸವನ್ನು ತಗ್ಗಿಸುತ್ತದೆ. ಕಿಡ್ನಿ ತೊಂದರೆ ಇರುವವರಿಗೆ ಪೊಟ್ಯಾಸಿಯಂ ಲೆಕ್ಕ ಇರುತ್ತದೆ, ಟೊಮೆಟೊ, ಆಲೂಗಡ್ಡೆ, ಕೆಲವು ಸೊಪ್ಪು ಮಿತಿಯಲ್ಲಿರಬೇಕು. ಡಾಕ್ಟರನ್ನು ಕೇಳಿಯೇ ಪಟ್ಟಿ ಮಾಡಿ.

ಸ್ನ್ಯಾಪ್ ಇದ್ದವರಿಗೆ ಇನ್ನೊಂದು ದಾರಿ

ವರ್ಷದ ಕೂಪನ್ ಮುಗಿದ ಮೇಲೂ ಸ್ನ್ಯಾಪ್ ಪಡೆಯುವ ಹಿರಿಯರಿಗೆ ಮಾರ್ಕೆಟ್ ಬಾಗಿಲು ಮುಚ್ಚುವುದಿಲ್ಲ. ಮಾಹಿತಿ ಡೇರೆಯಲ್ಲಿ ಸ್ನ್ಯಾಪ್ ಹಣ ಬರುವ ಇಬಿಟಿ ಕಾರ್ಡ್ ಉಜ್ಜಿದರೆ ಹಲವು ಕಡೆ ಅಷ್ಟು ಮೊತ್ತದ ಬಿಲ್ಲೆಗಳನ್ನು ಕೊಡುತ್ತಾರೆ. ಇದಕ್ಕೆ ಮೊಟ್ಟೆ, ಬ್ರೆಡ್ಡು ಬರುತ್ತದೆ. ತರಕಾರಿ ಬೀಜ, ತರಕಾರಿ ಸಸಿ ಕೂಡ ಬರುತ್ತದೆ, ಅಂದರೆ ಆಗ ಕೈಬಿಟ್ಟ ಪುದೀನ ಕುಂಡವನ್ನು ಈಗ ತಗೊಳ್ಳಬಹುದು.

ಇದಕ್ಕಿಂತ ಒಳ್ಳೆಯ ಸುದ್ದಿ, ಹಲವು ರಾಜ್ಯಗಳಲ್ಲಿ ಇದನ್ನು ದುಪ್ಪಟ್ಟು ಮಾಡುತ್ತಾರೆ. 10 ಡಾಲರ್ ಸ್ನ್ಯಾಪ್ ಖರ್ಚು ಮಾಡಿದರೆ ಇನ್ನೊಂದು 10 ಡಾಲರ್ ಹಣ್ಣು ತರಕಾರಿಗೆ ಸಿಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಇದರ ಹೆಸರು ಮಾರ್ಕೆಟ್ ಮ್ಯಾಚ್, ನ್ಯೂಯಾರ್ಕ್ ನಗರದಲ್ಲಿ ಹೆಲ್ತ್ ಬಕ್ಸ್. ಮಿಷಿಗನ್‌ನಲ್ಲಿ 2009ರಲ್ಲಿ ಶುರುವಾದ ಡಬಲ್ ಅಪ್ ಫುಡ್ ಬಕ್ಸ್ ಈಗ ಎಷ್ಟೋ ರಾಜ್ಯಗಳಲ್ಲಿದೆ. ದಿನಕ್ಕೆ ಎಷ್ಟರ ತನಕ ದುಪ್ಪಟ್ಟು ಅನ್ನುವುದು ಮಾರ್ಕೆಟ್‌ನಿಂದ ಮಾರ್ಕೆಟ್‌ಗೆ ಬೇರೆ. "ಮ್ಯಾಚ್ ಇದೆಯಾ" ಅಂತ ಕೇಳಿ.

ಗ್ರೀನ್ ಕಾರ್ಡ್ ಬಂದು 5 ವರ್ಷ ಆಗದ ಹಿರಿಯರಿಗೆ ಸಾಮಾನ್ಯವಾಗಿ ಸ್ನ್ಯಾಪ್ ಸಿಗುವುದಿಲ್ಲ, ಇದು ನೆನಪಿರಲಿ.

ನಾಲ್ಕೈದು ಜನರನ್ನು ಒಟ್ಟಿಗೆ ಕರೆದೊಯ್ಯುವುದಾದರೆ

ಒಬ್ಬರಿಗಾಗಿ ಪ್ರತಿ ವಾರ ಕಾರು ತೆಗೆಯುವುದು ಮೊದಲೆರಡು ವಾರ ನಡೆಯುತ್ತದೆ, ಆಮೇಲೆ ನಿಂತುಹೋಗುತ್ತದೆ. ಒಂದು ಸೀನಿಯರ್ ಹೌಸಿಂಗ್‌ನ ನಾಲ್ಕೈದು ಜನರಿಗೆ ತಿಂಗಳಿಗೆ ಎರಡು ಶನಿವಾರ ಅಂತ ನಿಗದಿ ಮಾಡಿ, ಇಬ್ಬರು ಮೂವರು ಸರದಿಯಲ್ಲಿ ಕಾರು ಓಡಿಸಿ. ಅಲ್ಲಿನ ಕಚೇರಿಯವರಿಗೆ ಹೇಳಿದರೆ ನೋಟಿಸ್ ಬೋರ್ಡಿನಲ್ಲಿ ಹಾಕುತ್ತಾರೆ. ಕೌಂಟಿಯ ಸೀನಿಯರ್ ವ್ಯಾನ್ ಇದ್ದರೆ ಮಾರ್ಕೆಟ್ ದಿನಕ್ಕೆ ಅದನ್ನೇ ಕೇಳಿ ನೋಡಿ. ಪ್ರತಿಯೊಬ್ಬರ ಕೂಪನ್ ಪುಸ್ತಕದ ಮೇಲೆ ಕೊನೆಯ ದಿನಾಂಕವನ್ನು ದಪ್ಪ ಅಕ್ಷರದಲ್ಲಿ ಬರೆದುಕೊಡಿ. ಪೆನ್ಸಿಲ್ವೇನಿಯದಲ್ಲಿ ನವೆಂಬರ್ 30ರ ತನಕ ನಡೆಯುತ್ತದೆ, ಇನ್ನು ಕೆಲವು ಕಡೆ ಸೆಪ್ಟೆಂಬರ್, ಅಕ್ಟೋಬರ್‌ಗೇ ಮುಗಿಯುತ್ತದೆ. ದಿನಾಂಕ ನವೆಂಬರ್ ಅಂತಿದ್ದರೂ ಉತ್ತರದ ಊರುಗಳಲ್ಲಿ ಎಷ್ಟೋ ಮಾರ್ಕೆಟ್‌ಗಳು ಅಕ್ಟೋಬರ್ ಕೊನೆಗೇ ಗುಡಾರ ಕೀಳುತ್ತವೆ. ಆಮೇಲೆ ಕೂಪನ್ ಇದ್ದರೂ ಅಂಗಡಿ ಇರುವುದಿಲ್ಲ. ರಸ್ತೆ ಬದಿಯ ಫಾರ್ಮ್ ಅಂಗಡಿಗಳಲ್ಲೂ ಕೂಪನ್ ನಡೆಯುವುದುಂಟು, ಕೊನೆಯ ವಾರಗಳಿಗೆ ಅವುಗಳ ಪಟ್ಟಿ ಇಟ್ಟುಕೊಳ್ಳಿ.

ಮನೆಗೆ ಬಿಟ್ಟಾಗ ಚೀಲ ಬಾಗಿಲಲ್ಲಿಟ್ಟು ಓಡಿ ಬರಬೇಡಿ. ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನ ಕೆಳಗಿನ ಪೆಟ್ಟಿಗೆಯಲ್ಲಿಡಿ. ಮೇಲಿನ ತಟ್ಟೆಯಲ್ಲಿ, ಹಿಂದೆ ಇಟ್ಟರೆ ಅವರ ಕೈಗೂ ಕಣ್ಣಿಗೂ ಎಟುಕುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಒಬ್ಬರ ಅಡುಗೆಗೆ ನಾಲ್ಕು ದಿನಕ್ಕಾಗುವಷ್ಟು ಸೊಪ್ಪು ಸಾಕು, ಉಳಿದ ಕೂಪನ್ ಮುಂದಿನ ಸಲಕ್ಕಿರಲಿ. ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಕೌಂಟಿ ಕಚೇರಿಗೆ ಫೋನ್ ಮಾಡಬೇಕು ಅಂತ ಈಗಲೇ ಅವರ ಕ್ಯಾಲೆಂಡರ್‌ನಲ್ಲೂ ನಿಮ್ಮ ಫೋನಿನಲ್ಲೂ ಗುರುತು ಹಾಕಿಡಿ. ಅರ್ಜಿ ಪ್ರತಿ ವರ್ಷ ಹೊಸದಾಗಿಯೇ ಹಾಕಬೇಕು.